ಹೊಗೆಗೆ ಒಂದು ದಾರಿ

(ಶಿರ್ತಾಡಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಬೀಡಿ ಕಟ್ಟಿ, ದನಕ್ಕೆ ಹುಲ್ಲು ಹಾಕಿ, ಮಕ್ಕಳಿಗೆ ಊಟ ಬಡಿಸಿ ಬಂದು ಕೂತಿದ್ದೀರಿ. ನಿಮ್ಮ ಹೊತ್ತಿನ ಬೆಲೆ ನಮಗೆ ಗೊತ್ತುಂಟು. ಸುತ್ತಿ ಬಳಸಿ ಮಾತಾಡುವುದಿಲ್ಲ. ಇವತ್ತು ಹೊಗೆಯ ಬಗ್ಗೆ ಮಾತಾಡೋಣ.

"ಹೊಗೆಯ ಬಗ್ಗೆ ಕಲಿಯಲಿಕ್ಕೆ ಎಂಥ ಉಂಟು? ನಾವು ಹುಟ್ಟಿದ್ದೇ ಹೊಗೆಯಲ್ಲಿ" ಅಂತ ನೀವು ನಗಬಹುದು. ಹೌದು. ಒಲೆ ಊದಿ ಊದಿ ಬೆಳೆದವರು ನಾವು. ಬೆಂಕಿ ಹಿಡಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಒಂದು ಪ್ರಶ್ನೆ ಕೇಳೋಣ. ಮಳೆಗಾಲದಲ್ಲಿ ಕೋಣೆಯೊಳಗೆ, ಶೆಡ್ಡಿನೊಳಗೆ ಬೆಂಕಿ ಹಾಕಿ ಸಾಮಾನು ಒಣಗಿಸುತ್ತೇವೆ. ಆ ಹೊಗೆ ಎಲ್ಲಿ ಹೋಗ್ತದೆ? ಅದಕ್ಕೆ ದಾರಿ ಉಂಟಾ?

ಈ ಒಂದು ಪ್ರಶ್ನೆಯೇ ಇವತ್ತಿನ ಪಾಠ.

ಬಿಸಿಲಿಲ್ಲದ ದಿನಗಳು

ನಮ್ಮ ಊರಿನ ಮಳೆ ನಿಮಗೆ ಗೊತ್ತಿದ್ದದ್ದೇ. ಜೂನ್ ತಿಂಗಳಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಶಿರ್ತಾಡಿ, ವಾಲ್ಪಾಡಿ, ಅಳಿಯೂರು, ಮೂಡುಕೊಣಾಜೆ, ಎಲ್ಲಾ ಕಡೆ ಒಂದೇ ಕತೆ. ಅಂಗಳದಲ್ಲಿ ಪಾಚಿ. ಹಗ್ಗದಲ್ಲಿ ಒಣಗದ ಬಟ್ಟೆ. ಗೋಡೆಯಲ್ಲಿ ಪಸೆ.

ಆದರೆ ಒಣಗಿಸುವ ಕೆಲಸ ಮಳೆಗೆ ಕಾಯುವುದಿಲ್ಲ. ಒಡೆದ ತೆಂಗಿನಕಾಯಿ ಎರಡು ದಿನ ಇಟ್ಟರೆ ಬೂಸ್ಟು ಹಿಡಿಯುತ್ತದೆ. ಪುನರ್ಪುಳಿಯ ಸಿಪ್ಪೆ ಅರ್ಧ ಒಣಗಿರುವಾಗಲೇ ಮೊದಲ ಮಳೆ ಬರುತ್ತದೆ. ಹಲಸಿನ ಬೀಜದ ಸಾಂತಾಣಿ ಒಣಗಬೇಕು. ಒಣಮೀನು ಮೆತ್ತಗಾಗಬಾರದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ದೊಡ್ಡ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಬಡವರ ಗಂಜಿಗೆ ಜೊತೆ ಕೊಡುವುದು ಈ ನುಂಗೆಲ್ ಮೀನೇ.

ಬಿಸಿಲಿಲ್ಲ. ಹಾಗಾದರೆ ಏನು ಮಾಡುವುದು? ಬೆಂಕಿ ಹಾಕುವುದು. ಹೊರಗೆ ಹಾಕಿದರೆ ಮಳೆ. ಆದ್ದರಿಂದ ಒಳಗೆ ಹಾಕುವುದು. ಬಚ್ಚಲಲ್ಲಿ, ಹಟ್ಟಿಯ ಬದಿಯಲ್ಲಿ, ಸೌದೆ ಕೊಟ್ಟಿಗೆಯಲ್ಲಿ, ಈಗೀಗ ಕಾರು ಬೈಕು ನಿಲ್ಲಿಸುವ ಶೆಡ್ಡಿನಲ್ಲಿ.

ಇಲ್ಲಿಗೆ ಬಂತು ನೋಡಿ ನಮ್ಮ ಪ್ರಶ್ನೆ.

ಇದು ಹಳೆಯ ವಿದ್ಯೆ

ಹೊಗೆ ಹಾಕಿ ಆಹಾರ ಉಳಿಸುವುದು ಇವತ್ತಿನ ಉಪಾಯವಲ್ಲ. ನಮ್ಮ ಅಜ್ಜಿಯರ ಕಾಲದಲ್ಲಿ ಒಲೆಯ ಮೇಲೆ ಒಂದು ಅಟ್ಟ ಇರುತ್ತಿತ್ತು. ಕೆಳಗೆ ಗಂಜಿ ಬೇಯುತ್ತಿತ್ತು. ಮೇಲೆ ಸಾಮಾನು ತಾನಾಗಿ ಒಣಗುತ್ತಿತ್ತು.

ಬೇರೆ ಊರಿನವರೂ ಇದನ್ನು ಮಾಡುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಉಪ್ಪಾಗೆ ಅಂತ ಒಂದು ಹುಳಿ ಹಣ್ಣು ಉಂಟು. ಅದು ಹಣ್ಣಾಗುವುದೇ ಜೋರು ಮಳೆಯಲ್ಲಿ. ಅದರ ಸಿಪ್ಪೆಯನ್ನು ಬೆಂಕಿಯ ಮೇಲೆ ತಟ್ಟಿ ಕಟ್ಟಿ ಒಣಗಿಸುತ್ತಾರೆ. ಕೇರಳದವರು ಅದನ್ನೇ ಹೊಗೆಯಲ್ಲಿ ಕಪ್ಪು ಮಾಡಿ ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನಲ್ಲಿ ಒಲೆಯ ಮೇಲೆ ಮಾಂಸ ಒಣಗಿಸುವುದುಂಟು. ಲಕ್ಷದ್ವೀಪದವರು ಸೂರೆ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಿಗೆ ಒಣಗಿಸುತ್ತಾರೆ. ಅದು ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ಕೆಡುವುದಿಲ್ಲ.

ಹೊಗೆ ಹಾಕಿದರೆ ಯಾಕೆ ಕೆಡುವುದಿಲ್ಲ? ಎರಡು ಕಾರಣ. ಒಂದು, ಬಿಸಿಗೆ ನೀರು ಆರುತ್ತದೆ. ನೀರಿಲ್ಲದಲ್ಲಿ ಬೂಸ್ಟು ಬೆಳೆಯುವುದಿಲ್ಲ. ಎರಡು, ಹೊಗೆಯಲ್ಲಿ ಕೆಲವು ರಾಸಾಯನಿಕಗಳಿವೆ. ಅವು ಆಹಾರಕ್ಕೆ ಅಂಟಿಕೊಂಡು, ಕೆಡಿಸುವ ಕ್ರಿಮಿಗಳನ್ನು ತಡೆಯುತ್ತವೆ.

ಈಗ ಒಂದು ಮಾತು ಯೋಚಿಸಿ. ಕ್ರಿಮಿಯನ್ನು ತಡೆಯುವ ಆ ಹೊಗೆಯೇ ನಮ್ಮ ಎದೆಯೊಳಗೆ ಹೋದರೆ? ಅದು ಅಲ್ಲಿ ಸುಮ್ಮನೆ ಇರುತ್ತದಾ?

ಅಂದಿನ ಮಾಡು, ಇಂದಿನ ಮಾಡು

"ಅಜ್ಜಿ ಎಂಬತ್ತು ವರ್ಷ ಹೊಗೆಯಲ್ಲೇ ಇದ್ದರು. ಅವರಿಗೆ ಎಂಥದೂ ಆಗ್ಲಿಲ್ಲ" ಅಂತ ಕೆಲವರು ಹೇಳ್ತಾರೆ. ಈ ಮಾತನ್ನು ನಾವು ತಳ್ಳಿ ಹಾಕುವುದು ಬೇಡ. ಸ್ವಲ್ಪ ಬಿಡಿಸಿ ನೋಡೋಣ.

ಅಜ್ಜಿಯ ಮನೆಯ ಮಾಡು ಯಾವುದರದ್ದು? ಮುಳಿಹುಲ್ಲಿನದ್ದು. ಆಮೇಲೆ ಹಂಚಿನದ್ದು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಅಲ್ಲಿಂದ ಹಂಚು ನಮ್ಮ ಹಳ್ಳಿಗಳಿಗೂ ಬಂತು. ಹುಲ್ಲಿನ ಎಳೆ ಎಳೆಯ ನಡುವೆ ಸಂದು ಉಂಟು. ಹಂಚಿಗೂ ಹಂಚಿಗೂ ನಡುವೆ ಸಂದು ಉಂಟು. ಬೆಳಗ್ಗೆ ಗುಡ್ಡೆಯ ಮೇಲೆ ನಿಂತು ನೋಡಿದರೆ ಮನೆಯ ಇಡೀ ಮಾಡಿನಿಂದ ಹೊಗೆ ಏಳುವುದು ಕಾಣುತ್ತಿತ್ತು. ಮಾಡೇ ಹೊಗೆಯ ದಾರಿ. ಆ ಹೊಗೆಯಿಂದ ಪಕಾಸು, ರೀಪು ಗೆದ್ದಲು ಹಿಡಿಯದೆ ಉಳಿಯುತ್ತಿತ್ತು.

ಹಾಗಿದ್ದರೂ ಅಜ್ಜಿಯರಿಗೆ ಎಂಥದೂ ಆಗಲಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ. ರಾತ್ರಿ ಇಡೀ ಕೆಮ್ಮುತ್ತಿದ್ದ ಅಜ್ಜಿಯರು ಎಷ್ಟು ಮಂದಿ! ಕಣ್ಣಿಗೆ ಪೊರೆ ಬಂದವರು ಎಷ್ಟು ಮಂದಿ! ಅದನ್ನು "ಪ್ರಾಯ ಆಯಿತು" ಅಂತ ಬಿಟ್ಟುಬಿಟ್ಟೆವು.

ಈಗ ನಮ್ಮ ಮನೆ ನೋಡಿ. ಮೇಲೆ ಸ್ಲಾಬು. ಗೋಡೆಗೆ ಸಿಮೆಂಟು ಗಾರೆ. ಕಿಟಕಿಗೆ ಗಾಜು. ಶೆಡ್ಡಿಗೆ ತಗಡಿನ ಶೀಟು, ಮುಂದೆ ಶಟರು. ಮಳೆ ಒಳಗೆ ಬರುವುದಿಲ್ಲ, ಒಳ್ಳೆಯದೇ. ಆದರೆ ಹೊಗೆ ಹೊರಗೂ ಹೋಗುವುದಿಲ್ಲ. ಅಂದಿನ ಬೆಂಕಿಯನ್ನೇ ಇಂದಿನ ಕೋಣೆಯಲ್ಲಿ ಹಾಕುತ್ತಿದ್ದೇವೆ. ಕೋಣೆ ಬದಲಾಗಿದೆ, ನಮ್ಮ ಕ್ರಮ ಬದಲಾಗಲಿಲ್ಲ. ಅಪಾಯ ಇರುವುದು ಅಲ್ಲೇ.

ಕಾಣುವ ಹೊಗೆ, ಕಾಣದ ವಿಷ

ಹೊಗೆಯಲ್ಲಿ ಎರಡು ಬಗೆ ಉಂಟು ಅಂತ ತಿಳಿಯಿರಿ.

ಒಂದು ಕಾಣುವ ಹೊಗೆ. ಇದರಲ್ಲಿ ಮಸಿಯ ಸಣ್ಣ ಸಣ್ಣ ಕಣಗಳಿರುತ್ತವೆ. ಇದು ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಇದು ಬಂದಾಗ ನಾವು ಹೊರಗೆ ಓಡುತ್ತೇವೆ.

ಇನ್ನೊಂದು ಕಾಣದ ವಿಷ. ಅದರ ಹೆಸರು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ. ವಾಸನೆ ಇಲ್ಲ. ಕಣ್ಣು ಉರಿಯುವುದಿಲ್ಲ. ಕೆಮ್ಮು ಬರುವುದಿಲ್ಲ. ಸೌದೆ, ಇದ್ದಿಲು, ಗೆರಟೆ, ಯಾವುದೇ ಆಗಲಿ, ಗಾಳಿ ಸಾಲದೆ ಅರೆಬರೆ ಉರಿದರೆ ಈ ವಿಷ ಹುಟ್ಟುತ್ತದೆ.

ಅದು ಏನು ಮಾಡ್ತದೆ? ಒಂದು ಬಸ್ಸಿನ ಲೆಕ್ಕದಲ್ಲಿ ಹೇಳುತ್ತೇವೆ. ನಮ್ಮ ನೆತ್ತರನ್ನು ಮೂಡುಬಿದಿರೆಗೆ ಹೋಗುವ ಬಸ್ಸು ಅಂತ ಇಟ್ಟುಕೊಳ್ಳಿ. ಉಸಿರಿನಲ್ಲಿ ಬಂದ ಪ್ರಾಣವಾಯು ಆ ಬಸ್ಸಿನಲ್ಲಿ ಕೂತು ಮೈಯೆಲ್ಲಾ ಸುತ್ತಬೇಕು. ತಲೆಗೆ, ಎದೆಗೆ, ಕೈಕಾಲಿಗೆ ಹೋಗಬೇಕು. ಈ ವಿಷವಾಯು ಬಂದು ಆ ಸೀಟುಗಳಲ್ಲಿ ಕೂತುಬಿಡುತ್ತದೆ. ಬೇಗ ಇಳಿಯುವುದೇ ಇಲ್ಲ. ನೆತ್ತರು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಬಸ್ಸು ಓಡುತ್ತಾ ಇರುತ್ತದೆ. ಆದರೆ ಬೇಕಾದವರಿಗೆ ಸೀಟು ಇಲ್ಲ. ಮನುಷ್ಯ ಉಸಿರಾಡುತ್ತಾ ಇದ್ದ ಹಾಗೆಯೇ ಅವನಿಗೆ ಉಸಿರು ಸಾಲದೆ ಹೋಗುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ. ನಡೆದ ಸಂಗತಿ. 2025ರ ನವೆಂಬರಿನಲ್ಲಿ ಬೆಳಗಾವಿ ನಗರದಲ್ಲಿ ಕೆಲವು ಯುವಕರು ಕೋಣೆಯೊಳಗೆ ಇದ್ದಿಲು ಹಚ್ಚಿ ಬಾಗಿಲು ಹಾಕಿ ಮಲಗಿದರು. ಅವರಲ್ಲಿ ಮೂವರು ಏಳಲೇ ಇಲ್ಲ. ಗಟ್ಟಿಮುಟ್ಟಾದ ಹುಡುಗರು. ಬೆಂಕಿ ಅವರನ್ನು ಸುಡಲಿಲ್ಲ. ದಾರಿಯಿಲ್ಲದ ಗಾಳಿ ಅವರನ್ನು ಕೊಂದಿತು.

ಅದಕ್ಕೇ ಈ ಮಾತನ್ನು ಗಟ್ಟಿ ಹಿಡಿಯಿರಿ. "ಹೊಗೆ ನಿಂತಿತು, ಈಗ ಬರೀ ಕೆಂಡ, ಇನ್ನು ಬಾಗಿಲು ಹಾಕಬಹುದು" ಅಂತ ನಾವು ಯೋಚಿಸುತ್ತೇವೆ. ಅದು ತಪ್ಪು. ಹೊಗೆ ಇಲ್ಲದ ಕೆಂಡದಲ್ಲೇ ಈ ವಿಷ ಹೆಚ್ಚು. ಹೊಗೆ ಇದ್ದರೆ ಕಣ್ಣಾದರೂ ಎಚ್ಚರಿಸುತ್ತದೆ. ಕೆಂಡ ಎಚ್ಚರಿಸುವುದಿಲ್ಲ.

ಬಾಣಂತಿ ಕೋಣೆಯ ಮಾತೂ ಇಲ್ಲೇ ಹೇಳಬೇಕು. ಚಳಿ ಆಗ್ತದೆ ಅಂತ ಮಡಕೆಯಲ್ಲಿ ಕೆಂಡ ತಂದು ಇಡುತ್ತೇವೆ. ಕಿಟಕಿ ಬಾಗಿಲು ಮುಚ್ಚುತ್ತೇವೆ. ಒಳಗೆ ಎಳೆ ಮಗು. ಮಗು ನಮಗಿಂತ ಬೇಗ ಬೇಗ ಉಸಿರಾಡುತ್ತದೆ. ಅದಕ್ಕೆ ವಿಷ ಬೇಗ ಏರುತ್ತದೆ. ಬಸುರಿಯ ಹೊಟ್ಟೆಯಲ್ಲಿರುವ ಮಗುವಿಗೂ ಹಾಗೆಯೇ. ಬಾಣಂತಿಗೆ ಬೆಚ್ಚಗೆ ಬೇಕು, ಸರಿ. ಬಟ್ಟೆ ಹೊದೆಸಿ, ಬಿಸಿನೀರು ಕೊಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡ.

ದಿನಾ ತಿನ್ನುವ ಹೊಗೆ

ಎಲ್ಲಾ ಹೊಗೆಯೂ ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ. ಕೆಲವು ಹೊಗೆ ನಿಧಾನಕ್ಕೆ ತಿನ್ನುತ್ತದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಇಲ್ಲಣ ನೇತಾಡುವುದನ್ನು ನೋಡಿದ್ದೀರಿ. ಗೋಡೆಗೆ ಕೂತದ್ದು ನಮ್ಮ ಎದೆಯಲ್ಲೂ ಕೂರುತ್ತದೆ. ಗೋಡೆಗೆ ಸುಣ್ಣ ಬಳಿಯಬಹುದು. ಎದೆಗೆ ಬಳಿಯಲು ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ, ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ತೀರಿಕೊಂಡರು. ಮಕ್ಕಳಿಗೆ ನ್ಯುಮೋನಿಯ, ದೊಡ್ಡವರಿಗೆ ಬಿಡದ ದಮ್ಮು, ಹೃದಯದ ಕಾಯಿಲೆ, ಕಣ್ಣಿನ ಪೊರೆ, ತೂಕ ಕಡಿಮೆಯ ಕೂಸು, ಇವೆಲ್ಲಾ ಹೊಗೆಯ ಜೊತೆ ಬರುವ ತೊಂದರೆಗಳು. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರು ಯಾರು? ನಾವು. ನಮ್ಮ ಸೊಂಟದಲ್ಲಿ ಕೂತಿರುವವರು ಯಾರು? ನಮ್ಮ ಮಕ್ಕಳು.

ಒಳ್ಳೆಯ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ವಿಜ್ಞಾನ ಅದರ ಕೆಲಸ. ಅವರು ಮೂರು ಪಾತ್ರೆ ಇಡುವ, ಹೊಗೆ ಕೊಳವೆ ಇರುವ ಒಲೆ ಮಾಡಿದರು. ಅದಕ್ಕೆ ಅಸ್ತ್ರ ಒಲೆ ಅಂತಲೇ ಹೆಸರು ಬಂತು. ಸೌದೆ ಉಳಿಯಿತು, ಹೊಗೆ ಹೊರಗೆ ಹೋಯಿತು. 2016ರಲ್ಲಿ ಉಜ್ವಲ ಯೋಜನೆ ಬಂತು. ಬಡವರ ಮನೆಗೂ ಗ್ಯಾಸ್ ಬಂತು.

ಆದರೆ ಗ್ಯಾಸ್ ಬಂದದ್ದು ಅಡುಗೆಗೆ. ಬಚ್ಚಲ ಹಂಡೆಯ ಒಲೆ ಹಾಗೆಯೇ ಉಂಟು. ಕೊಬ್ಬರಿ ಒಣಗಿಸುವ ಬೆಂಕಿ ಹಾಗೆಯೇ ಉಂಟು. ಆದ್ದರಿಂದ ಹೊಗೆಯ ದಾರಿಯ ಮಾತು ಇನ್ನೂ ಮುಗಿಯಲಿಲ್ಲ.

ಗಾಳಿ ಹೇಗೆ ನಡೆಯುತ್ತದೆ?

ಒಂದು ಸಣ್ಣ ಪರೀಕ್ಷೆ ಮಾಡಿ. ಒಳಗೆ ಬೆಂಕಿ ಇರುವ ಹೊತ್ತಿನಲ್ಲಿ ಬಾಗಿಲನ್ನು ನಾಲ್ಕು ಬೆರಳು ತೆರೆಯಿರಿ. ಒಂದು ಊದುಬತ್ತಿ ಹಚ್ಚಿ. ಹೊಸ್ತಿಲ ಹತ್ತಿರ ಕೆಳಗೆ ಹಿಡಿಯಿರಿ. ಊದುಬತ್ತಿಯ ಹೊಗೆ ಒಳಗೆ ಹೋಗುತ್ತದೆ. ಈಗ ಅದನ್ನೇ ಬಾಗಿಲಿನ ತುದಿಯಲ್ಲಿ, ಮೇಲೆ ಹಿಡಿಯಿರಿ. ಹೊಗೆ ಹೊರಗೆ ಹೋಗುತ್ತದೆ.

ಇದರಿಂದ ಏನು ಗೊತ್ತಾಯಿತು? ಬಿಸಿ ಗಾಳಿ ಹಗುರ. ಅದು ಮೇಲೆ ಏರಿ ಹೊರಗೆ ಹೋಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ಕೆಳಗಿನಿಂದ ಒಳಗೆ ಬರುತ್ತದೆ.

ಹಾಗಾದರೆ ಹೊಗೆಗೆ ಒಂದೇ ಕಿಂಡಿ ಸಾಲದು. ಎರಡು ಬೇಕು. ಗಾಳಿ ಬರಲು ಕೆಳಗೆ ಒಂದು, ಹೊಗೆ ಹೋಗಲು ಮೇಲೆ ಒಂದು. ಬರುವ ದಾರಿ ಮುಚ್ಚಿದರೆ ಹೋಗುವ ದಾರಿ ಇದ್ದೂ ಉಪಯೋಗ ಇಲ್ಲ. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಿಯಾಗಿ ಸುರಿಯುವುದಿಲ್ಲ. ಇನ್ನೊಂದು ತೂತು ಮಾಡಿದ ಕೂಡಲೇ ಸರಾಗ ಬರುತ್ತದೆ. ಇದೂ ಹಾಗೆಯೇ.

"ಒಂದು ಫ್ಯಾನ್ ಹಾಕಿದರೆ ಆಗುವುದಿಲ್ಲವಾ?" ಅಂತ ಕೇಳಬಹುದು. ಹೊಗೆ ಎಳೆಯುವ ಫ್ಯಾನ್ ಒಳ್ಳೆಯದೇ. ಅದನ್ನು ಗೋಡೆಯ ಮೇಲ್ಭಾಗದಲ್ಲಿ ಹಾಕಬೇಕು. ಆದರೆ ಕೆಳಗೆ ಗಾಳಿ ಬರುವ ಕಿಂಡಿ ಇಲ್ಲದಿದ್ದರೆ ಫ್ಯಾನ್ ಎಲ್ಲಿಂದ ಗಾಳಿ ಎಳೆಯಬೇಕು? ಕೆಲವು ಸಲ ಅದು ಹೊಗೆ ಕೊಳವೆಯೊಳಗಿನ ಹೊಗೆಯನ್ನೇ ಹಿಂದಕ್ಕೆ ಎಳೆದು ಕೋಣೆಗೆ ತುಂಬುತ್ತದೆ. ಮತ್ತೆ, ನಮ್ಮ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗ್ತದೆ ಅಂತ ಹೇಳಲಿಕ್ಕೆ ಬರುವುದಿಲ್ಲ. ಕರೆಂಟು ಹೋದರೂ ಕೆಂಡ ಆರುವುದಿಲ್ಲ. ಆದ್ದರಿಂದ ಮೊದಲು ಕಿಂಡಿ. ಫ್ಯಾನ್ ಆಮೇಲೆ.

ಒಣಗಿಸುವ ಶೆಡ್ಡು ಹೇಗಿರಬೇಕು?

ರಬ್ಬರ್ ಶೀಟಿನ ಹೊಗೆಮನೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಒಳ್ಳೆಯ ಹೊಗೆಮನೆಯಲ್ಲಿ ಬೆಂಕಿ ಹಾಕುವ ಬಾಯಿ ಹೊರಗಿರುತ್ತದೆ. ಶೀಟು ಒಳಗಿರುತ್ತದೆ. ಮೇಲೆ ಹೊಗೆಗೆ ಕಿಂಡಿ ಇರುತ್ತದೆ. ಸೌದೆ ಹಾಕುವವರು ಹೊಗೆ ಕುಡಿಯಬೇಕಾಗಿಲ್ಲ. ರಬ್ಬರಿಗೆ ಮಾಡಿದ ಈ ಏರ್ಪಾಡನ್ನು ನಮ್ಮ ಕೊಬ್ಬರಿಗೂ ಮೀನಿಗೂ ಯಾಕೆ ಮಾಡಬಾರದು?

ಒಂದೊಂದಾಗಿ ಹೇಳುತ್ತೇವೆ.

1. ಜಾಗ ಬೇರೆ ಇರಲಿ. ಮಲಗುವ ಕೋಣೆಗೆ ತಾಗಿದ ಶೆಡ್ಡಿನಲ್ಲಿ ಬೆಂಕಿ ಬೇಡ. ಬೇರೆ ಜಾಗವೇ ಇಲ್ಲದಿದ್ದರೆ, ಮನೆಗೆ ಹೋಗುವ ನಡುಬಾಗಿಲು ಭದ್ರವಾಗಿ ಮುಚ್ಚಿರಲಿ, ಹೊರಗಿನ ಬಾಗಿಲು ಪೂರ್ತಿ ತೆರೆದಿರಲಿ. ಶಟರನ್ನು ಅರ್ಧ ಎಳೆದು ಒಳಗೆ ಕೂರುವುದು ಬೇಡ. ಎಲ್ಲಕ್ಕಿಂತ ಒಳ್ಳೆಯದು ನಾಲ್ಕು ಕಂಬ, ಮೇಲೆ ಮಾಡು, ಬದಿ ತೆರೆದ ಚಪ್ಪರ.

2. ಬೈಕು, ಕಾರು, ಪೆಟ್ರೋಲು, ಗ್ಯಾಸ್ ಸಿಲಿಂಡರು ಇರುವಲ್ಲಿ ಬೆಂಕಿ ಬೇಡವೇ ಬೇಡ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಗಾಡಿ ಚಾಲೂ ಇಡುವುದೂ ಬೇಡ. ಗಾಡಿಯ ಹೊಗೆಯಲ್ಲೂ ಅದೇ ಕಾಣದ ವಿಷ ಉಂಟು.

3. ಕೆಳಗೆ ಗಾಳಿ ಬರಲಿ. ಕೆಂಪುಕಲ್ಲಿನ ಗೋಡೆಯಾದರೆ ಲೆಕ್ಕ ಸುಲಭ. ಕೆಳಸಾಲಿನಲ್ಲಿ ಎದುರು ಬದುರು ಗೋಡೆಗಳಲ್ಲಿ ಒಂದೊಂದು ಕಲ್ಲು ಕಟ್ಟದೆ ಬಿಡಿ. ಅಷ್ಟು ಜಾಗದಲ್ಲಿ ಗಾಳಿ ಬರುತ್ತದೆ.

4. ಮೇಲೆ ಹೊಗೆ ಹೋಗಲಿ. ಮೇಲಿನ ದಾರಿ ಕೆಳಗಿನದಕ್ಕಿಂತ ಚಿಕ್ಕದಾಗಬಾರದು. ಕೆಳಗೆ ಎರಡು ಕಲ್ಲು ಬಿಟ್ಟರೆ ಮೇಲೆ, ಮಾಡಿನ ಹತ್ತಿರ, ನಾಲ್ಕು ಕಲ್ಲು ಬಿಡಿ. ಹಂಚಿನ ಮಾಡಾದರೆ ನೆತ್ತಿಯಲ್ಲಿ ಸಂದು ಬಿಟ್ಟು, ಅದರ ಮೇಲೆ ಒಂದು ಸಣ್ಣ ಮಾಡು ಎತ್ತಿ ಕೂರಿಸಬಹುದು. ಹೊಗೆ ಬದಿಯಿಂದ ಹೋಗುತ್ತದೆ. ಮಳೆ ಒಳಗೆ ಬರುವುದಿಲ್ಲ.

5. ಕೊಳವೆ ಹಾಕುವುದಾದರೆ ತಗಡಿನದ್ದು ಹಾಕಿ. ನೀರಿನ ಪಿವಿಸಿ ಪೈಪು ಬೇಡ. ಅದು ಬಿಸಿಗೆ ಕರಗುತ್ತದೆ, ಉರಿದರೆ ವಿಷದ ಹೊಗೆ ಕೊಡುತ್ತದೆ. ಕೊಳವೆ ನೆಟ್ಟಗೆ ಇರಲಿ, ಅಡ್ಡಡ್ಡ ತಿರುಗಿಸಬೇಡಿ. ಅದರ ತುದಿ ಮಾಡಿನ ನೆತ್ತಿಗಿಂತ ಎರಡು ಅಡಿ ಮೇಲೆ ಇರಲಿ. ಗಿಡ್ಡವಾದರೆ ಗಾಳಿ ಹೊಗೆಯನ್ನು ಕೆಳಗೆ ದಬ್ಬುತ್ತದೆ. ತುದಿಗೆ ಕೊಡೆಯ ಹಾಗೆ ಒಂದು ತಗಡು ಇಡಿ. ಕೊಳವೆಗೂ ಕೊಡೆಗೂ ನಡುವೆ ಒಂದು ಗೇಣು ಸಂದು ಇರಲಿ.

6. ಕೊಳವೆಯೊಳಗೆ ಮಸಿ ಕಟ್ಟುತ್ತದೆ. ಆ ಮಸಿಗೆ ಬೆಂಕಿ ಹಿಡಿಯುವುದೂ ಉಂಟು. ತಿಂಗಳಿಗೊಮ್ಮೆ ಬೆಂಕಿ ಇಲ್ಲದಾಗ ಉದ್ದ ಕೋಲಿಗೆ ಗೋಣಿ ಕಟ್ಟಿ ಉಜ್ಜಿ ತೆಗೆಯಿರಿ. ಇಲಿ, ಹಾವು ಬಾರದ ಹಾಗೆ ಕಿಂಡಿಗೆ ಬಲೆ ಹಾಕಿದ್ದರೆ ಅದನ್ನೂ ಉಜ್ಜಿ. ಮಸಿ ಕಟ್ಟಿದ ಬಲೆ ಅಂದರೆ ಮುಚ್ಚಿದ ಕಿಂಡಿ.

7. ಒಣ ಸೌದೆ ಹಾಕಿ. ಹಸಿ ಸೌದೆಯಲ್ಲಿ ಬೆಂಕಿಯ ಒಂದು ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ. ಹೊಗೆಯೂ ಹೆಚ್ಚು. ಪ್ಲಾಸ್ಟಿಕ್, ಟಯರು, ಪೈಂಟು ಬಳಿದ ಹಲಗೆ, ಪ್ಲೈವುಡ್ ತುಂಡು ಹಾಕಲೇಬೇಡಿ. ಅದರ ವಿಷ ಆಹಾರಕ್ಕೂ ಅಂಟುತ್ತದೆ.

8. ಕೊಬ್ಬರಿಯಿಂದ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿ ಮೇಲೇಳುತ್ತದೆ. ತಟ್ಟಿಯನ್ನು ಬೆಂಕಿಯ ನಾಲಗೆ ತಾಗದಷ್ಟು ಎತ್ತರದಲ್ಲಿ ಕಟ್ಟಿ. ಬಾಗಿಲ ಹತ್ತಿರ ಒಂದು ಬಕೆಟ್ ನೀರು, ಒಂದು ಬಕೆಟ್ ಮರಳು ಇರಲಿ.

9. ಶೆಡ್ಡಿನೊಳಗೆ ಯಾರೂ ಮಲಗಬಾರದು. ರಾತ್ರಿ ಕಾವಲು ಬೇಕಾದರೆ ಹೊರಗಿನ ಜಗಲಿಯಲ್ಲಿ. ತಟ್ಟಿ ತಿರುಗಿಸಲು ಒಳಗೆ ಹೋದರೆ ಬೇಗ ಹೊರಗೆ ಬನ್ನಿ. ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋಗಬೇಡಿ.

ಎಲ್ಲದಕ್ಕೂ ಹೊಗೆ ಬೇಕಾ?

ಇದು ದುಡ್ಡಿನ ಪ್ರಶ್ನೆ ಕೂಡ. ಗಮನ ಇಟ್ಟು ಕೇಳಿ.

ಮೀನಿಗೆ, ಮಾಂಸಕ್ಕೆ ಹೊಗೆಯ ರುಚಿ ಬೇಕು. ಕೊಬ್ಬರಿಗೆ ಹೊಗೆ ಬೇಕಾ? ಬೇಡ. ಕೊಬ್ಬರಿಗೆ ಬೇಕಾದ್ದು ಬಿಸಿ. ಹಸಿ ತೆಂಗಿನಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ನೀರೇ ಉಂಟು. ಅದು ನೂರರಲ್ಲಿ ಆರು ಪಾಲಿಗೆ ಇಳಿದರೆ ಒಳ್ಳೆಯ ಕೊಬ್ಬರಿ. ಹೊಗೆ ತಾಗಿದರೆ ಕೊಬ್ಬರಿ ಕಪ್ಪಾಗುತ್ತದೆ. ಎಣ್ಣೆಗೆ ಹೊಗೆ ವಾಸನೆ ಬರುತ್ತದೆ. ಅಂಗಡಿಯವರು ರೇಟು ಇಳಿಸುತ್ತಾರೆ. ಹೊಗೆಯ ಕೆಲವು ಕೆಟ್ಟ ಪದಾರ್ಥಗಳು ಎಣ್ಣೆಗೂ ಸೇರುತ್ತವೆ. ಪುನರ್ಪುಳಿಗೂ ಇದೇ ಮಾತು. ಹೊಗೆ ಹತ್ತಿದರೆ ಶರಬತ್ತಿಗೆ ಆಗುವುದಿಲ್ಲ.

ಕಾಸರಗೋಡಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಉಂಟು. ಸಿಪಿಸಿಆರ್‌ಐ ಅಂತ ಹೇಳ್ತಾರೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಜಾಗ ಅದು. ಅಲ್ಲಿಯವರು ಕೊಬ್ಬರಿ ಒಣಗಿಸುವ ಡ್ರೈಯರ್ ಮಾಡಿದ್ದಾರೆ. ಉರಿಸಲು ತೆಂಗಿನ ಗೆರಟೆಯೇ ಸಾಕು. ಬೆಂಕಿ ಬೇರೆ, ಕೊಬ್ಬರಿ ಬೇರೆ. ಬಿಸಿ ಮಾತ್ರ ಕೊಬ್ಬರಿಗೆ ತಾಗುತ್ತದೆ. ಹೊಗೆ ತಾಗುವುದಿಲ್ಲ. ಒಬ್ಬರೇ ಕೊಳ್ಳುವುದು ಕಷ್ಟ. ಹತ್ತು ಮನೆಯವರು ಸಂಘದಲ್ಲಿ ಸೇರಿದರೆ ಯೋಚಿಸಬಹುದು. ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಬಹುದು. ಈಗ ನಮಗೆ ಅರ್ಜಿ ಬರೆಯಲು ಬರುತ್ತದಲ್ಲ!

ತಲೆ ಸುತ್ತಿದರೆ ಏನು ಮಾಡಬೇಕು?

ಕಾಣದ ವಿಷ ಏರುವಾಗ ಮೊದಲು ತಲೆನೋವು ಬರುತ್ತದೆ. ತಲೆ ಸುತ್ತುತ್ತದೆ. ವಾಂತಿ ಬಂದ ಹಾಗೆ ಆಗುತ್ತದೆ. ಕೈಕಾಲು ಸೋಲುತ್ತದೆ. ನಿದ್ದೆ ತೂಗುತ್ತದೆ. "ಪಿತ್ತ ಆಗಿದೆ, ಸ್ವಲ್ಪ ಮಲಗುತ್ತೇನೆ" ಅಂತ ಅಲ್ಲೇ ಮಲಗಬೇಡಿ. ಅದೇ ಕೊನೆಯ ನಿದ್ದೆ ಆಗಬಹುದು.

ಒಂದು ಗುರುತು ನೆನಪಿಡಿ. ಒಳಗಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಬಂದಾಗ ಕಡಿಮೆಯಾದರೆ, ಅದು ಪಿತ್ತ ಅಲ್ಲ. ಅದು ಹೊಗೆಯ ವಿಷ.

ಆಗ ಹೀಗೆ ಮಾಡಿ.

ಮೊದಲು ಎಲ್ಲರೂ ಹೊರಗೆ ಬನ್ನಿ. ಬಾಗಿಲು ಕಿಟಕಿ ತೆರೆದಿಡಿ.

ಒಳಗೆ ಯಾರಾದರೂ ಬಿದ್ದಿದ್ದರೆ ಒಬ್ಬರೇ ನುಗ್ಗಬೇಡಿ. ಕೂಗಿ ಜನ ಸೇರಿಸಿ. ಹೊರಗಿನಿಂದ ಬಾಗಿಲು, ಶಟರು ಪೂರ್ತಿ ತೆರೆಯಿರಿ. ಗಾಳಿ ಆಡಿದ ಮೇಲೆ ಬೇಗ ಎಳೆದು ತನ್ನಿ. ಕಾಪಾಡಲು ಹೋದವರು ಬೀಳಬಾರದು.

108ಕ್ಕೆ ಫೋನ್ ಮಾಡಿ. ದುಡ್ಡು ಬೇಡ.

ಡಾಕ್ಟರಿಗೆ ಒಂದು ಮಾತು ತಪ್ಪದೆ ಹೇಳಿ. "ಇವರು ಮುಚ್ಚಿದ ಕೋಣೆಯಲ್ಲಿ ಬೆಂಕಿಯ ಹತ್ತಿರ ಇದ್ದರು." ಈ ಮಾತು ಹೇಳಿದರೆ ಡಾಕ್ಟರಿಗೆ ಬೇಗ ಗೊತ್ತಾಗುತ್ತದೆ. ಆಕ್ಸಿಜನ್ ಕೊಡುತ್ತಾರೆ. ಬಸುರಿಯರು, ಮಕ್ಕಳು ಹೊರಗೆ ಬಂದು ಚೆನ್ನಾಗಿದ್ದ ಹಾಗೆ ಕಂಡರೂ ಆಸ್ಪತ್ರೆಗೆ ತೋರಿಸಲೇಬೇಕು.

ಕಿಂಡಿ ಬೇಕು ಅಂತ ಹೇಳುವವರು ಯಾರು?

ಕೊನೆಗೆ ಒಂದು ಮಾತು. ಶೆಡ್ಡು ಕಟ್ಟುವಾಗ ಮಾತಾಡುವವರು ಯಾರು? ಮನೆಯ ಯಜಮಾನರು ಮತ್ತು ಮೇಸ್ತ್ರಿ. ಹೊಗೆಯಲ್ಲಿ ನಿಲ್ಲುವವರು ಯಾರು? ನಾವು. ನಾವು ಕೇಳದಿದ್ದರೆ ಕಿಂಡಿ ಬರುವುದಿಲ್ಲ.

"ಕಿಂಡಿ ಬಿಟ್ಟರೆ ಮಳೆ ಬರ್ತದೆ, ಕಳ್ಳರು ಬರ್ತಾರೆ, ಚಂದ ಕಾಣುವುದಿಲ್ಲ" ಅಂತ ಹೇಳುತ್ತಾರೆ. ನಾವು ಜಗಳ ಮಾಡುವುದು ಬೇಡ. ಮಳೆಗೆ ಮೇಲೊಂದು ಓರೆ ತಗಡು ಉಂಟು. ಕಳ್ಳರಿಗೆ ಕಬ್ಬಿಣದ ಸರಳು ಉಂಟು. ಚಂದದ ಮಾತಿಗೆ ನಾವೇ ಉತ್ತರ ಹೇಳೋಣ. ಮನೆಯ ಹೆಂಗಸು ಕೆಮ್ಮದೆ ಇರುವುದೇ ಮನೆಗೆ ಚಂದ.

ಬಾಯಿಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಬರೆದು ಕೊಟ್ಟದ್ದು ಉಳಿಯುತ್ತದೆ. ಬರೆಯಲು ಕಲಿತದ್ದು ಹೆಸರು ಹಾಕಲಿಕ್ಕೆ ಮಾತ್ರವಾ? ಇಗೊಳ್ಳಿ, ಒಂದು ಚೀಟಿ. ಇದನ್ನು ನೋಡಿ ನಿಮ್ಮ ಅಕ್ಷರದಲ್ಲಿ ಬರೆಯಿರಿ.

ಮೇಸ್ತ್ರಿಯವರಿಗೆ ನಮಸ್ಕಾರ.
ನಮ್ಮ ಶೆಡ್ಡಿನಲ್ಲಿ ಒಣಗಿಸುವ ಕೆಲಸ ಉಂಟು.
ಕೆಳಗೆ ಎರಡು ಕಲ್ಲಿನ ಕಿಂಡಿ ಬಿಡಿ.
ಮೇಲೆ ನಾಲ್ಕು ಕಲ್ಲಿನ ಕಿಂಡಿ ಬಿಡಿ.
ಬೆಂಕಿಯ ಬಾಯಿ ಹೊರಗೆ ಇರಲಿ.
ಕಿಂಡಿಗೆ ಸರಳು ಹಾಕಿ. ಮೇಲೆ ಓರೆ ತಗಡು ಹಾಕಿ.
ಇದು ಮುಗಿದ ಮೇಲೆ ಗಾರೆ ಮಾಡಿ.
ಇಂತಿ,

ಕೆಳಗೆ ನಿಮ್ಮ ಹೆಸರು ಬರೆಯಿರಿ.

ಕೂತು ಮಾತಾಡೋಣ

1. ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ಬೆಂಕಿ ಹಾಕುತ್ತೀರಿ?
2. ಅಲ್ಲಿ ಗಾಳಿ ಬರುವ ದಾರಿ ಎಲ್ಲಿ? ಹೊಗೆ ಹೋಗುವ ದಾರಿ ಎಲ್ಲಿ?
3. ಕೆಂಡ ಹೊಗೆಗಿಂತ ಮೋಸಗಾರ ಯಾಕೆ?
4. ನಿಮ್ಮ ಸಂಘದಲ್ಲಿ ಕೊಬ್ಬರಿ ಒಣಗಿಸುವವರು ಎಷ್ಟು ಮನೆ? ಎಣಿಸಿ ಬರೆಯಿರಿ.
5. ಊದುಬತ್ತಿಯ ಪರೀಕ್ಷೆ ಮಾಡಿ. ಕಂಡದ್ದನ್ನು ಎರಡು ಸಾಲಿನಲ್ಲಿ ಬರೆದು ನಾಳೆ ತನ್ನಿ.

ಈಗ ಹೊತ್ತಾಯಿತು. ಮಳೆಯೂ ಬರುವ ಹಾಗೆ ಉಂಟು. ಜಾಗ್ರತೆಯಲ್ಲಿ ಮನೆಗೆ ಹೋಗಿ. ಮಲಗುವ ಮೊದಲು ಬಚ್ಚಲ ಒಲೆಯ ಕೆಂಡ ನೋಡಿ. ಅದರ ಮೇಲಿನ ಕಿಂಡಿಗೆ ಯಾರಾದರೂ ಗೋಣಿ ತುರುಕಿದ್ದರೆ ಇವತ್ತೇ ತೆಗೆಯಿರಿ.